ಅರ್ಧಕ್ಕೆ ನಿಂತ ಮುಳ್ಳು

ಗಾಬರಿಗೆ ಕೈಕಾಲು ಮೂಡಿದರೆ ನಮ್ಮಕ್ಕನ ಹಾಗೇ ಇರುತ್ತೆ ಅಂತ ಅವಳ ಒಡಹುಟ್ಟಿದ ತಮ್ಮನೇ ಹೇಳಿಕೊಂಡು ತಿರುಗುತ್ತಿದ್ದ. ತಮ್ಮನಾದವನು ಹಾಗೆ ಹೇಳಬಾರದು, ನಿಜ. ಆದರೆ ಸುಳ್ಳು ಅನ್ನುವುದಕ್ಕೂ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಫೋನು ಬಂದರೆ ಅವಳು ‘ಹಲೋ’ ಅನ್ನುವ ಮುಂಚೆ ‘ಯಾರಿಗೆ ಏನಾಯ್ತು?’ ಅನ್ನುತ್ತಿದ್ದಳು. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಇನ್ನೊಂದು ಸಲ ಎಳೆದು ನೋಡುತ್ತಿದ್ದಳು. ಮಹಡಿಯ ಮೇಲೆ ಗಂಡ ಕೆಮ್ಮಿದರೆ ಕೆಳಗಿನಿಂದ, “ರೀ, ಏನಾಯ್ತು?” ಎಂದು ಕೂಗುತ್ತಿದ್ದಳು, ಕೆಮ್ಮದೆ ಸುಮ್ಮನಿದ್ದರೆ, “ರೀ, ಯಾಕೆ ಸದ್ದೇ ಇಲ್ಲ?” ಎಂದು ಕೂಗುತ್ತಿದ್ದಳು.

ಬೀದಿಯಲ್ಲಿ ಅವಳಿಗೆ ಇಸ್ತ್ರಿ ಅಕ್ಕ ಎಂದೇ ಹೆಸರು. ಕೆಳಗೆ ಅವಳ ಲಾಂಡ್ರಿ, ಮೇಲೆ ಎರಡು ಕೋಣೆಯ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಲಾಂಡ್ರಿಯೆಂದರೆ ಉದ್ದನೆಯ ಒಂದು ಮೇಜು, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಸುಟ್ಟು ಕಂದುಗಟ್ಟಿದ ಬಿಳಿ ಬಟ್ಟೆ, ಗೋಡೆಯುದ್ದಕ್ಕೂ ತೂಗುಬಿಟ್ಟ ಅಂಗಿಗಳು, ಮೂಲೆಯಲ್ಲಿ ಬಟ್ಟೆಗಂಟುಗಳು. ಯಾವ ಬಟ್ಟೆ ಯಾರದೆಂದು ಗುರುತು ಸಿಗಲು ಅಂಚಿನ ಒಳಗೆ ಬಣ್ಣದ ದಾರದಲ್ಲಿ ಒಂದು ಹೊಲಿಗೆ ಹಾಕುತ್ತಿದ್ದಳು. ಹೋಟೆಲಿನವರದಕ್ಕೆ ಕೆಂಪು, ಗುಡ್ಡದ ಮೇಲಿನ ಆಸ್ಪತ್ರೆಯದಕ್ಕೆ ಹಳದಿ. ಹಳದಿ ದಾರದ ರೀಲು ಮಾತ್ರ ಹಾಕಿದ ಹೊಲಿಗೆಗೆ ಮೀರಿ ಬೇಗ ಬೇಗ ಖಾಲಿಯಾಗುತ್ತಿತ್ತು. ಅದನ್ನು ಕದಿಯುತ್ತಿದ್ದವನು ಬೇರೆ ಯಾರೂ ಅಲ್ಲ, ಮಹಡಿ ಮೇಲೆ ಕೂತಿದ್ದ ಗಂಡ.

ಇಷ್ಟೆಲ್ಲ ಗಾಬರಿಯ ಹೆಂಗಸು ಇಸ್ತ್ರಿ ಪೆಟ್ಟಿಗೆ ಕೈಗೆ ಬಂತೆಂದರೆ ಬೇರೆಯೇ ಆಳು. ಬೆರಳ ತುದಿಯನ್ನು ನೀರಲ್ಲಿ ಅದ್ದಿ ಪೆಟ್ಟಿಗೆಯ ತಳಕ್ಕೆ ಸೋಕಿಸಿ, ಚುಂಯ್ ಎಂದ ಸದ್ದು ಕೇಳಿಯೇ ಇದು ರೇಷ್ಮೆಗೆ, ಇದು ಹತ್ತಿಗೆ ಎಂದು ಹೇಳುತ್ತಿದ್ದಳು. ಒಂದು ಅಂಗಿಯನ್ನೂ ಅವಳು ಸುಟ್ಟವಳಲ್ಲ. ಕಣ್ಣೆದುರಿಗೆ ಕಾಣುವ ಬಿಸಿಗೆ ಅವಳು ಹೆದರುತ್ತಿರಲಿಲ್ಲ. ಒಳಗೆ ಮುಚ್ಚಿಟ್ಟ ಬಿಸಿಯೆಂದರೆ ಮಾತ್ರ ಅವಳ ಜೀವ ಬಾಯಿಗೆ ಬರುತ್ತಿತ್ತು.

ಗಂಡನ ಹೆಸರು ಬೀದಿಯವರ ಬಾಯಲ್ಲಿ ರೇಡಿಯೋ. ಒಂದು ಕಾಲದಲ್ಲಿ ಊರಿನ ರೇಡಿಯೋಗಳೆಲ್ಲ ಕೆಟ್ಟು ಬಂದು ಅವನ ಕಿಟಕಿ ಪಕ್ಕದ ಮೇಜಿನ ಮೇಲೆ ಮಲಗುತ್ತಿದ್ದವು. ಈಗ ರೇಡಿಯೋ ಕೇಳುವವರೇ ಕಡಿಮೆ. ಫ್ಯಾನು, ಮಿಕ್ಸಿ, ಹೆಂಡತಿಯ ಇಸ್ತ್ರಿ ಪೆಟ್ಟಿಗೆಯ ವೈರು, ಹೀಗೆ ಬಂದದ್ದನ್ನು ರಿಪೇರಿ ಮಾಡುತ್ತಿದ್ದ. ವೈರಿನ ಎರಡು ತುದಿ ಬೆಸೆದ ಮೇಲೆ ಎಲ್ಲರೂ ಟೇಪು ಸುತ್ತಿ ಕೈ ತೊಳೆದುಕೊಳ್ಳುತ್ತಾರಲ್ಲ, ಇವನಿಗೆ ಅಷ್ಟು ಸಾಲದು. ಟೇಪಿನ ಮೇಲೆ ಹಳದಿ ದಾರವನ್ನು ಒತ್ತೊತ್ತಾಗಿ ಸುತ್ತಿ, ಕೊನೆಗೊಂದು ಪುಟ್ಟ ಗಂಟು ಹಾಕಿ, ಗಂಟಿನ ಮೇಲೆ ಮೇಣದ ಒಂದು ಹನಿ ಬಿಡುತ್ತಿದ್ದ. “ಟೇಪು ಬಿಸಿಗೆ ಬಿಚ್ಕೊಳ್ಳುತ್ತೆ, ದಾರ ಬಿಚ್ಕೊಳ್ಳಲ್ಲ,” ಎನ್ನುವುದು ಅವನ ವಾದ. “ನನ್ನ ದಾರವೇ ಆಗ್ಬೇಕಾ?” ಎಂದು ಅವಳು ಕೇಳಿದರೆ, “ನಿನ್ನ ದಾರ ಗಟ್ಟಿ ಕಣೇ,” ಎಂದು ಬೆಣ್ಣೆ ಹಚ್ಚುತ್ತಿದ್ದ.

ಇವನ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಒಂದೇ: “ಏನಿಲ್ಲ ಬಿಡು.” ಚಾವಣಿಯ ಗಾರೆ ಉದುರಿ ಸಾರಿನ ಪಾತ್ರೆಗೆ ಬಿದ್ದರೂ ಏನಿಲ್ಲ ಬಿಡು, ಮನೆ ಮಾಲೀಕ ಬಂದು ರೇಗಾಡಿ ಹೋದರೂ ಏನಿಲ್ಲ ಬಿಡು. ಅವಳು ಗಾಬರಿಯಾಗುವುದು, ಅವನು ಏನಿಲ್ಲ ಬಿಡು ಅನ್ನುವುದು, ಅವಳು ಉಸಿರು ಬಿಟ್ಟು ಕೆಲಸಕ್ಕೆ ಹೋಗುವುದು. ಸಂಸಾರ ನಡೆದದ್ದೇ ಹೀಗೆ, ಮತ್ತು ಚೆನ್ನಾಗಿಯೇ ನಡೆದಿತ್ತು ಅನ್ನಿ.

ಆದರೆ ಈಚೆಗೆ ಆ ಮಾತು ಅವಳಿಗೆ ಮುಂಚಿನಂತೆ ನಾಟುತ್ತಿರಲಿಲ್ಲ. ರೇಡಿಯೋ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದ. ನಿಂತು, ಕಂಬಿ ಹಿಡಿದು, ಗೋಡೆಯಲ್ಲಿ ಏನೋ ನೋಡುತ್ತಿರುವವನ ಹಾಗೆ ನಟಿಸುತ್ತಿದ್ದ. ಗೋಡೆಯಲ್ಲಿ ನೋಡುವುದಕ್ಕೆ ಏನಿತ್ತು, ಮಣ್ಣು! ಆಮೇಲೆ ಮೆಟ್ಟಿಲಿಳಿಯುವುದನ್ನೇ ಬಿಟ್ಟ. ಬೆಳಗ್ಗೆ ಅವಳಿಗಿಂತ ಮೊದಲು ಎದ್ದು “ಗಾಳಿ ಕುಡಿದು ಬರ್ತೀನಿ” ಎಂದು ಕೆಳಗೆ ಹೋಗುತ್ತಿದ್ದವನು, ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು, “ಗಾಳಿ ಇಲ್ಲಿಗೇ ಬರುತ್ತಲ್ಲ,” ಎಂದು ಕೂತುಬಿಟ್ಟ. ಅವನ ಅಂಗಿಗಳನ್ನು ಒಗೆಯಲು ತೆಗೆದರೆ ಬೆನ್ನಿನ ಭಾಗ ಬೆವರಿಂದ ಗಟ್ಟಿಯಾಗಿರುತ್ತಿತ್ತು. ಕೂತಲ್ಲೇ ಕೂತವನಿಗೆ ಇಷ್ಟೊಂದು ಬೆವರು ಎಲ್ಲಿಂದ? ಬಟ್ಟೆಯ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಆದರೂ ಸೆಕೆ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು ಅಂಗಿಯನ್ನು ನೀರಿಗೆ ಹಾಕಿಬಿಡುತ್ತಿದ್ದಳು.

ದಿನಾ ಸಂಜೆ ಕೇಳುತ್ತಿದ್ದಳು. “ರೀ, ಎದೆ ಗಿದೆ ನೋಯ್ತಿಲ್ಲ ತಾನೆ? ಏನೂ ಇಲ್ಲ ತಾನೆ?”

“ಏನಿಲ್ಲ ಬಿಡು.”

ಹಾಗೆ ಕೇಳಿದಾಗ ಅವಳ ಮುಖ ಹೇಗಿರುತ್ತಿತ್ತೆಂದರೆ, ಕಲ್ಲೆದೆಯವನಿಗೂ ‘ಹೂಂ, ನೋವಿದೆ’ ಅನ್ನಲು ಮನಸ್ಸು ಬರುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ. ನಮ್ಮ ಮುಖ ನಮಗೆಲ್ಲಿ ಕಾಣುತ್ತದೆ?

ಇನ್ನು ಕಾರಿನ ಕಥೆ. ಅದೊಂದು ಹಳೆಯ ಪುಟ್ಟ ಕಾರು, ಮನೆಯಲ್ಲಿ ಅದಕ್ಕೆ ಡಬ್ಬಿ ಎಂದು ಹೆಸರು. ಹಿಂದಿನ ಸೀಟು ಕಿತ್ತುಹಾಕಿ ಬಟ್ಟೆಗಂಟು ಇಡಲು ಜಾಗ ಮಾಡಿದ್ದರು. ವಾರಕ್ಕೊಮ್ಮೆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಹೇರಿಕೊಂಡು ಇಸ್ತ್ರಿ ಅಕ್ಕ ಗುಡ್ಡದ ರಸ್ತೆ ಹತ್ತಬೇಕಿತ್ತು. ಡಬ್ಬಿಯ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಪುಟ್ಟ ಹೀಟ್ ಮೀಟರು. ಕೆಳಗೆ ನೀಲಿ, ಮೇಲೆ ಕೆಂಪು, ನಡುವೆ ಒಂದು ಮುಳ್ಳು. ಕಾರು ಮನೆಗೆ ಬಂದ ಹೊಸದರಲ್ಲಿ ಆ ಮುಳ್ಳು ಅವಳ ಪ್ರಾಣ ತೆಗೆಯಿತು. ಏರಿನಲ್ಲಿ ಅರ್ಧ ದಾಟಿದರೆ ಸಾಕು, ಗಾಡಿ ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ಟು ಎತ್ತಿ, ಕಲ್ಲಿನ ಮೇಲೆ ಕೂತು ತಣ್ಣಗಾಗಲಿ ಎಂದು ಕಾಯುತ್ತಿದ್ದಳು. ಯಾವ ಗಾಡಿಯಾದರೂ ಏರಿನಲ್ಲಿ ಒಂಚೂರು ಬಿಸಿಯಾಗುತ್ತದೆ, ಕೆಂಪು ಮುಟ್ಟುವವರೆಗೆ ತಲೆ ಕೆಡಿಸಿಕೊಳ್ಳಬೇಡ ಎಂದು ತಮ್ಮ ಎಷ್ಟು ಬಡಿದುಕೊಂಡರೂ ಅವಳ ಕಿವಿಗೆ ಹೋಗಲಿಲ್ಲ. ಒಮ್ಮೆಯಂತೂ ಕಾರನ್ನು ರಸ್ತೆಯಲ್ಲೇ ಬಿಟ್ಟು, ಗಂಟು ಹೊತ್ತುಕೊಂಡು ನಡೆದೇ ಹೋಗಿದ್ದಳು. ಆಸ್ಪತ್ರೆಯ ಬಾಗಿಲ ಕಾವಲುಗಾರ, “ಅಕ್ಕಾ, ನಿಮ್ಮನ್ನೂ ಒಳಗೆ ಸೇರಿಸ್ಕೊಳ್ಳೋದಾ?” ಎಂದು ನಕ್ಕಿದ್ದ.

ನಗುವಂಥದ್ದಲ್ಲದ ದಿನವೂ ಒಂದು ಬಂತು. ಮುಳ್ಳು ಅರ್ಧ ದಾಟಿದ್ದೇ ಗಾಬರಿಬಿದ್ದು, ಬಿಸಿ ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿದಳು. ಕುದಿಯುವ ನೀರು ಕಾರಂಜಿಯಾಗಿ ಚಿಮ್ಮಿ ಬಲ ಮುಂಗೈ ಮೊಣಕೈವರೆಗೆ ಬೆಂದುಹೋಯಿತು. ಆ ಕಲೆ ಈಗಲೂ ಇದೆ. ಇಸ್ತ್ರಿ ಪೆಟ್ಟಿಗೆ ಹಿಡಿಯುವ ಕೈ. ಅದು ಮತ್ತೆ ಕೆಲಸಕ್ಕೆ ಬರುವವರೆಗೆ ರೇಡಿಯೋ ತಾನೇ ಕೆಳಗಿಳಿದು, ಅಡ್ಡಾದಿಡ್ಡಿಯಾಗಿ, ಒಂದು ಮಡಿಕೆಗೆ ಎರಡು ಮಡಿಕೆ ಬೀಳಿಸಿ, ಗಿರಾಕಿಗಳ ಅಂಗಿ ತೀಡಿದ.

ಕೈ ವಾಸಿಯಾದ ಮೇಲೆ ಒಂದು ಮಧ್ಯಾಹ್ನ ಅವನು ಡಬ್ಬಿಯೊಳಗೆ ಕೂತು ಡ್ಯಾಶ್‌ಬೋರ್ಡು ಬಿಚ್ಚಿದ. “ಮೀಟರೇ ಸರಿಯಿಲ್ಲ ಕಣೇ. ಸುಮ್ನೆ ಜಾಸ್ತಿ ತೋರಿಸ್ತಾ ಇತ್ತು. ಈಗ ನೋಡು,” ಎಂದ. ಅಂದಿನಿಂದ ಮುಳ್ಳು ನೀಲಿಯಿಂದ ಮೆಲ್ಲಗೆ ಎದ್ದು ಅರ್ಧಕ್ಕೆ ಬಂದು ನಿಂತರೆ ನಿಂತಿತು. ಏರಿನಲ್ಲೂ ಅರ್ಧ, ಸೆಕೆಯಲ್ಲೂ ಅರ್ಧ. ಇಸ್ತ್ರಿ ಅಕ್ಕ ಹಿಗ್ಗಿಹೋದಳು. ಸಿಕ್ಕಿದವರಿಗೆಲ್ಲ ಗಂಡನ ಕೈಚಳಕದ ಬಗ್ಗೆ ಹೇಳಿದಳು. ಜಗತ್ತಿನಲ್ಲಿ ಗಾಬರಿಪಡಲು ನೂರೆಂಟು ಸಂಗತಿ ಉಳಿದಿದ್ದವು, ಆದರೆ ಆ ಮುಳ್ಳೊಂದರ ಬಗ್ಗೆ ಅವಳಿಗೆ ಆಮೇಲೆ ಚಿಂತೆಯಿರಲಿಲ್ಲ. ವರ್ಷಗಟ್ಟಲೆ ಹಾಡಿಕೊಂಡು ಗುಡ್ಡ ಹತ್ತಿದಳು.

ಹಾಗಿದ್ದ ಡಬ್ಬಿ ಈ ವಾರ ಗುಡ್ಡದ ನಡುವೆ ಕೈಕೊಟ್ಟಿತು. ಮೊದಲು ಸುಟ್ಟ ವಾಸನೆ. ಬಟ್ಟೆ ಸುಟ್ಟದ್ದಲ್ಲ, ಅದು ಅವಳಿಗೆ ತಕ್ಷಣ ತಿಳಿಯಿತು. ಆಮೇಲೆ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ. ಅವಳು ಮೀಟರು ನೋಡಿದಳು. ಮುಳ್ಳು ಅರ್ಧದಲ್ಲಿ, ಏನೂ ಆಗದವರ ಹಾಗೆ ನಿಂತಿತ್ತು. ಇಂಜಿನ್ ನಿಲ್ಲಿಸಿ, ಇಳಿದು, ದೂರ ನಿಂತು, ಮುಂಗೈಯ ಕಲೆಯನ್ನು ಸವರಿಕೊಳ್ಳುತ್ತ ತಮ್ಮನಿಗೆ ಫೋನು ಮಾಡಿದಳು. “ಲೋ, ಹೊಗೆ ಬರ್ತಾ ಇದೆ ಕಣೋ, ಮುಳ್ಳು ಮಾತ್ರ ಅರ್ಧದಲ್ಲೇ ಇದೆ!”

ತಮ್ಮನದು ಪಕ್ಕದ ಬೀದಿಯಲ್ಲಿ ತಗಡಿನ ಚಾವಣಿಯ ಗ್ಯಾರೇಜು. ಹೊಟ್ಟೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಬೈಕಿನಲ್ಲಿ ಬಂದ, ಇಂಜಿನ್ ತಣಿಯುವವರೆಗೆ ಕಾದ, ಮುಚ್ಚಳ ತೆಗೆದ. “ಅಯ್ಯೋ ಶಿವನೇ! ಒಂದು ತೊಟ್ಟು ನೀರಿಲ್ಲ,” ಎಂದ. ತಂದಿದ್ದ ನೀರು ಸುರಿದು, ಮೆಲ್ಲಗೆ ಗಾಡಿಯನ್ನು ಗ್ಯಾರೇಜಿಗೆ ಇಳಿಸಿದ. ಗಾಡಿ ಗ್ಯಾರೇಜಿನಲ್ಲಿದೆ ಎಂದಷ್ಟೇ ಅವಳು ಗಂಡನಿಗೆ ಹೇಳಿದಳು. ಮಾರನೇ ದಿನ ಬೆಳಗ್ಗೆ ಇಬ್ಬರೂ ಸೇರಿ ಮೀಟರಿನ ವಿಚಾರಣೆಗೆ ಕೂತರು. ಬಟ್ಟೆ ಬೈಕಿನ ಮೇಲೆ ಹೋಗಿ ಮುಟ್ಟಿತ್ತು, ಆ ಮಾತು ಬೇರೆ. ಅವಳಿಗೆ ಈಗ ಬೇಕಾಗಿದ್ದುದು ಮುಳ್ಳು ಯಾಕೆ ಸುಳ್ಳು ಹೇಳಿತು ಎಂಬುದು.

“ಇದು ದೊಡ್ಡ ಬ್ರಹ್ಮವಿದ್ಯೆ ಏನಲ್ಲ,” ಎಂದ ತಮ್ಮ, ಇಂಜಿನ್ನಿನ ನೀರಿನ ದಾರಿಯಲ್ಲಿ ಕೂತಿದ್ದ ಹಿತ್ತಾಳೆಯ ಪುಟ್ಟ ಸೆನ್ಸರನ್ನು ಬೆರಳಲ್ಲಿ ತಟ್ಟಿ. “ಇಲ್ಲಿಂದ ಒಂದೇ ವೈರು ಮೀಟರಿಗೆ ಹೋಗುತ್ತೆ. ಇದು ಬಿಸಿಯಾದಷ್ಟೂ ವೈರಲ್ಲಿ ಕರೆಂಟು ಜಾಸ್ತಿ ಓಡುತ್ತೆ, ಮುಳ್ಳು ಮೇಲೆ ಹೋಗುತ್ತೆ. ಈಗ ವೈರು ಕೀಳ್ತೀನಿ. ನೀನು ಕೀ ತಿರುಗಿಸಿ ಮುಳ್ಳು ನೋಡ್ತಾ ಇರು. ಇಂಜಿನ್ ಸ್ಟಾರ್ಟ್ ಮಾಡ್ಬೇಡ.”

ಅವಳು ಸೀಟಿನಲ್ಲಿ ಕೂತು ಕೀ ತಿರುಗಿಸಿದಳು.

“ಎಲ್ಲಿದೆ?”

“ಕೆಳಗೆ. ನೀಲಿಯಲ್ಲಿ.”

“ಸರಿ. ಈಗ ವೈರಿನ ತುದೀನ ನೇರವಾಗಿ ಇಂಜಿನ್ ಮೈಗೆ ಮುಟ್ಟಿಸ್ತೀನಿ. ಈಗ ಅದು ಪೂರ್ತಿ ಕೆಂಪಿಗೆ ಹೋಗ್ಬೇಕು. ನೋಡ್ತಾ ಇದೀಯಾ?”

“ಕಣ್ಣು ಕೀಳದೆ ನೋಡ್ತಾ ಇದೀನಿ ಕಣೋ.”

ಮುಳ್ಳು ಎದ್ದಿತು. ಮೇಲೆ ಬಂತು. ಅರ್ಧಕ್ಕೆ ಬಂದು ನಿಂತಿತು.

“ಎಲ್ಲಿದೆ?”

“ಅರ್ಧ.”

“ಸರಿಯಾಗಿ ನೋಡಕ್ಕಾ!”

“ಅರ್ಧ ಅಂದ್ರೆ ಅರ್ಧ! ನನಗೇನು ಕಣ್ಣು ಕಾಣಲ್ವಾ?”

ತಮ್ಮ ತಾನೇ ಬಂದು ಇಣುಕಿದ. ತಲೆ ಕೆರೆದುಕೊಂಡ. ಮೀಟರಿನ ಮುಂಭಾಗ ಬಿಚ್ಚಿ, ಹಿಂದಿನ ತಿರುಪಿಗೆ ಬೇರೊಂದು ವೈರು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಇಂಜಿನ್ನಿಗೆ ಮುಟ್ಟಿಸಿದ. ಮುಳ್ಳು ಪಟ್ಟನೆ ಹಾರಿ ಕೆಂಪಿನ ಕೊನೆಗೆ ಬಡಿಯಿತು.

“ಹಾಂ! ಮೀಟರು ಚೆನ್ನಾಗಿದೆ. ಹಳೇ ವೈರಿನ ದಾರೀಲಿ ಏನೋ ಕೂತಿದೆ,” ಎಂದು ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿದ. ಮಣಿಕಟ್ಟಿನವರೆಗೂ ಹೋಗಲಿಲ್ಲ. ಉಸಿರು ಬಿಗಿಹಿಡಿದ, ಬೈದ, ಕೈ ಹೊರಗೆಳೆದುಕೊಂಡ. “ಈ ಗಾಡಿ ಮಾಡಿದವನಿಗೆ ಕೈಯೇ ಇರಲಿಲ್ಲ ಅಂತ ಕಾಣುತ್ತೆ.”

“ಸರಿ, ಏಳು ಆ ಕಡೆ. ತಿಂದಿದ್ದು ಎಲ್ಲಾ ಕೈಗೆ ಬಂದಿದೆ ನಿಂಗೆ,” ಎಂದು ಇಸ್ತ್ರಿ ಅಕ್ಕ ತೋಳು ಮೇಲೇರಿಸಿ ತನ್ನ ತೆಳ್ಳನೆಯ ಕೈ ಒಳಗೆ ಬಿಟ್ಟಳು. ವೈರನ್ನು ಬೆರಳಲ್ಲಿ ಸವರುತ್ತ ಹೋದಳು. ನುಣುಪು, ನುಣುಪು, ಆಮೇಲೊಂದು ಉಬ್ಬು. ಆ ಉಬ್ಬಿನ ಮೇಲೆ ಬೆರಳು ಆಡಿಸಿದಳು. ಒತ್ತೊತ್ತಾಗಿ ಸುತ್ತಿದ ದಾರ. ತುದಿಯಲ್ಲಿ ಪುಟ್ಟ ಗಂಟು. ಗಂಟಿನ ಮೇಲೆ ಮೇಣದ ಹನಿ.

ಹೊರಗೆಳೆದು ಬೆಳಕಿಗೆ ಹಿಡಿಯುವ ಮೊದಲೇ ಅದರ ಬಣ್ಣ ಅವಳಿಗೆ ಗೊತ್ತಾಗಿಹೋಯಿತು.

ತಮ್ಮ ದಾರ ಬಿಚ್ಚಿ, ಟೇಪು ಸುಲಿದ. ಒಳಗೆ ಬಣ್ಣದ ಗೆರೆಗಳಿದ್ದ ಪುಟ್ಟ ರೆಸಿಸ್ಟರು. ಗಂಡನ ಮೇಜಿನ ಮೇಲೆ, ಡಬ್ಬಿಗಳಲ್ಲಿ, ಕೆಲವೊಮ್ಮೆ ಹಾಸಿಗೆಯ ಮಡಿಕೆಯಲ್ಲೂ ಅಂಥವನ್ನು ಅವಳು ಕಂಡಿದ್ದಳು.

“ಇದು ಕರೆಂಟಿಗೆ ಅಡ್ಡ ಕೂರುತ್ತೆ ಅಕ್ಕಾ. ಇಂಜಿನ್ ಎಷ್ಟೇ ಕುದೀಲಿ, ಮುಳ್ಳು ಅರ್ಧದ ಮೇಲೆ ಏಳೋ ಹಾಗಿಲ್ಲ,” ಎಂದವನೇ ತಮ್ಮ ಹೊಟ್ಟೆ ಕುಲುಕಿಸಿ ನಗತೊಡಗಿದ. “ಭಲೇ ಭಾವ! ಗಾಡಿ ರಿಪೇರಿ ಮಾಡಿಲ್ಲ, ನಿನ್ನ ರಿಪೇರಿ ಮಾಡಿದಾನೆ! ಇಷ್ಟು ವರ್ಷ ನಿನ್ನ ಕಿವಿ ಮೇಲೆ ಹೂವು ಇಟ್ಟು…”

“ಬಾಯ್ಮುಚ್ಚೋ!”

ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಇಷ್ಟು ವರ್ಷ ಆ ಮುಳ್ಳನ್ನು ದೇವರಂತೆ ನಂಬಿ ಗುಡ್ಡ ಹತ್ತಿದ್ದಾಯಿತು. ಊರಿಗೆಲ್ಲ ಗಂಡನ ಬುದ್ಧಿವಂತಿಕೆ ಸಾರಿದ್ದಾಯಿತು. ಎಂಥ ಮೋಸಗಾರ! ಇಂಜಿನ್ ಸುಟ್ಟು ನಡುದಾರಿಯಲ್ಲಿ ಹೆಂಡತಿಯ ಗತಿ ಏನಾದೀತು ಎಂದಾದರೂ ಯೋಚಿಸಬೇಡವೇ?

ತಮ್ಮನ ನಗು ಅಷ್ಟರಲ್ಲಿ ತಾನಾಗಿಯೇ ನಿಂತಿತ್ತು. ಅವನು ರೇಡಿಯೇಟರಿನ ಕೆಳ ಮೂಲೆಯನ್ನು ನೋಡುತ್ತಿದ್ದ. ಅಲ್ಲಿ ಉಪ್ಪುಗಟ್ಟಿದಂತೆ ಬಿಳಿಯ ಕಲೆ, ಪದರದ ಮೇಲೆ ಪದರ.

“ಅಕ್ಕಾ, ಇಲ್ಲಿ ನೋಡು. ಇಲ್ಲಿಂದ ನೀರು ಸಣ್ಣಗೆ ಸೋರ್ತಾ ಇದೆ. ನಿನ್ನೆ ಮೊನ್ನೆಯದಲ್ಲ, ವರ್ಷಗಳ ಹಳೇ ಕಲೆ ಇದು. ಹೀಗೆ ಸೋರೋ ಗಾಡಿ ಯಾವತ್ತೋ ಸುಟ್ಟುಹೋಗ್ಬೇಕಿತ್ತು. ನೀನು ನೀರು ಹಾಕ್ತಿದ್ದೆಯಾ?”

“ನಾನಾ? ಆ ಮುಚ್ಚಳ ಮುಟ್ಟಿ ಎಷ್ಟು ವರ್ಷ ಆಯ್ತೋ.”

“ನಾನೂ ಹಾಕಿಲ್ಲ. ಮತ್ತೆ ಯಾರು?”

ಇಸ್ತ್ರಿ ಅಕ್ಕನಿಗೆ ಬೆಳಗಿನ ಮೆಟ್ಟಿಲಿನ ಸದ್ದು ನೆನಪಾಯಿತು. ಅವಳಿನ್ನೂ ಹಾಸಿಗೆಯಲ್ಲಿರುವಾಗಲೇ ಕೆಳಗಿಳಿಯುವ ಹೆಜ್ಜೆ, ಆಮೇಲೆ ನಲ್ಲಿಯ ನೀರಿನ ಸದ್ದು, ಸ್ವಲ್ಪ ಹೊತ್ತಿಗೆ ಬಾನೆಟ್ಟು ಮುಚ್ಚಿದಂಥ ಒಂದು ದಬ್. ಪಕ್ಕದ ಮನೆಯವರ ಗಾಡಿಯಿರಬೇಕು ಎಂದುಕೊಂಡು ಅವಳು ಮಗ್ಗುಲು ಬದಲಿಸುತ್ತಿದ್ದಳು. ಗಾಳಿ ಕುಡಿಯಲು ಹೋದವನ ಅಂಗಿಯ ತೋಳು ಒದ್ದೆಯಾಗಿರುತ್ತಿದ್ದುದೂ ನೆನಪಾಯಿತು. ಮುಖ ತೊಳೆದೆ ಎನ್ನುತ್ತಿದ್ದ.

“ನೀನು ಸೋರೋದನ್ನ ಬೆಸುಗೆ ಹಾಕಿ ನಿಲ್ಲಿಸು. ವೈರು ನೇರ ಸೇರಿಸು, ಇದನ್ನ ಹಾಕ್ಬೇಡ,” ಎಂದು ರೆಸಿಸ್ಟರನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮನೆಯ ಕಡೆ ನಡೆದಳು.

ಮೆಟ್ಟಿಲಿನ ಕೆಳಗೆ ಬಗ್ಗಿ ನೋಡಿದಳು. ಹಳೆಯ ಪೊರಕೆ, ಮುರಿದ ಬಕೆಟ್ಟು, ಅದರ ಹಿಂದೆ ಸೊಂಡಿಲು ಬಾಗಿದ ಹಸಿರು ಕ್ಯಾನು. ಅದು ಯಾರೋ ಗಿಡಕ್ಕೆ ನೀರು ಹಾಕುವ ಕ್ಯಾನೆಂದು ಅವಳು ಇಷ್ಟು ಕಾಲ ತಿಳಿದಿದ್ದಳು. ಆ ಮನೆಯಲ್ಲಿ ಗಿಡವೇ ಇರಲಿಲ್ಲ, ನೋಡಿ! ಎತ್ತಿ ಅಲ್ಲಾಡಿಸಿದಳು. ಖಾಲಿ. ಒಳಗೆ ಬೆರಳು ಹಾಕಿದಳು. ಒಣಗಿತ್ತು. ಸೊಂಡಿಲಿನಿಂದ ಹಿಡಿಕೆಯವರೆಗೆ ಜೇಡ ಬಲೆ ಕಟ್ಟಿತ್ತು, ಬಲೆಯ ಮೇಲೂ ಧೂಳು ಕೂತಿತ್ತು.

ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಅದರ ಜಾಗಕ್ಕೆ ಭಯ ಬಂತು. ತನಗೆ ಸುಳ್ಳು ಮುಳ್ಳು ತೋರಿಸಿದವನು ನಿಜವಾದ ಬಿಸಿಯನ್ನು ತಾನೊಬ್ಬನೇ ದಿನಾ ಕಾಯುತ್ತಿದ್ದ. ಮಳೆಯಿರಲಿ, ಚಳಿಯಿರಲಿ, ಒಂದು ದಿನವೂ ತಪ್ಪಿಸಿರಲಿಲ್ಲ. ಅಂಥವನು ಹೆಂಡತಿ ಗುಡ್ಡ ಹತ್ತುತ್ತಾಳೆಂದು ಗೊತ್ತಿದ್ದೂ ನೀರು ಹಾಕುವುದನ್ನು ಬಿಟ್ಟಿದ್ದಾನೆಂದರೆ, ಈ ಮೆಟ್ಟಿಲನ್ನು ಇಳಿದು ಹತ್ತುವುದು ಅವನಿಂದ ಆಗುತ್ತಲೇ ಇಲ್ಲ. ಕೆಳಗಿಳಿದು ಬಲೆ ಹರಿಯುವಷ್ಟೂ ತ್ರಾಣ ಅವನಲ್ಲಿ ಉಳಿದಿಲ್ಲ. ಎಷ್ಟು ದಿನದಿಂದ? ಧೂಳು ಕೂರುವಷ್ಟು ದಿನದಿಂದ.

ಅವಳು ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕೂತು ಅತ್ತಳು. ಸದ್ದು ಮೇಲಕ್ಕೆ ಹೋಗದಂತೆ ಒಗೆಯಲು ಬಂದಿದ್ದ ಯಾರದೋ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ನಲ್ಲಿಯಲ್ಲಿ ಮುಖ ತೊಳೆದು ಮೇಲೆ ಹತ್ತಿದಳು.

ರೇಡಿಯೋ ಕಿಟಕಿ ಪಕ್ಕ ಕೂತು ಯಾವುದೋ ಫ್ಯಾನಿನ ಹೊಟ್ಟೆ ಬಿಚ್ಚಿಕೊಂಡಿದ್ದ. ಅವಳು ರೆಸಿಸ್ಟರನ್ನು ಅವನ ಮುಂದೆ ಮೇಜಿನ ಮೇಲಿಟ್ಟಳು. ಅವನು ಕನ್ನಡಕ ಮೂಗಿನ ತುದಿಗಿಳಿಸಿ ನೋಡಿದ. ತುಂಟ ಹುಡುಗನ ನಗು ಮುಖದ ಮೇಲೆ ಬಂತು.

“ಸಿಕ್ಕೇಬಿಡ್ತಾ? ನಿನ್ನ ತಮ್ಮನ ಕೈ ಅಲ್ಲಿಗೆ ಹೋಗಲ್ಲ ಅಂದ್ಕೊಂಡಿದ್ದೆ.”

“ಹೋಗಲಿಲ್ಲ. ನನ್ನ ಕೈ ಹೋಯ್ತು.”

“ಕೈ ಸುಟ್ಕೊಂಡಿದ್ಯಲ್ಲೇ ಆವತ್ತು. ಇನ್ನೊಂದು ಸಲ ಹಾಗೆ ಆದ್ರೆ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಅದಕ್ಕೇ…” ಎಂದು ಮೊದಲು ಮಾಡಿದ.

“ಹಸಿರು ಕ್ಯಾನಲ್ಲಿ ಜೇಡ ಬಲೆ ಕಟ್ಟಿದೆ.”

ನಗು ಹೋಯಿತು. ಅವನು ಸ್ಕ್ರೂಡ್ರೈವರನ್ನು ಕೆಳಗಿಟ್ಟು ಕಿಟಕಿಯ ಹೊರಗೆ ನೋಡಿದ. “ಗುಡ್ಡದಲ್ಲಿ ನಿಂತು ಹೋಯ್ತಾ?” ಎಂದ ಮೆಲ್ಲಗೆ. “ನಿನಗೆ ಏನೂ ಆಗಲಿಲ್ಲ ತಾನೆ? ಹೇಳಬೇಕು, ನೀರು ನೋಡ್ಕೋ ಅಂತ ಹೇಳಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ಹೇಳಿದ್ರೆ, ನೀವ್ಯಾಕೆ ಇಳೀತಿಲ್ಲ ಅಂತ ಕೇಳ್ತೀಯ.”

“ಯಾಕೆ ಇಳೀತಿಲ್ಲ?”

“ಏನಿಲ್ಲ ಬಿಡು.”

ಯಾವತ್ತೂ ಈ ಮಾತಿಗೆ ಅವಳ ಉಸಿರು ಸಡಿಲಾಗುತ್ತಿತ್ತು. ಇವತ್ತು ಆಗಲಿಲ್ಲ. ಈ ಮಾತನ್ನು ಯಾರು ಕಟ್ಟಿಕೊಟ್ಟರು, ಯಾರಿಗಾಗಿ ಕಟ್ಟಿಕೊಟ್ಟರು ಎಂಬುದು ಈಗ ಅವಳಿಗೆ ಗೊತ್ತಿತ್ತು. ಅರ್ಧದ ಮೇಲಿನದನ್ನು ನೋಡಲು ತನಗೇ ಧೈರ್ಯವಿರಲಿಲ್ಲ; ಅವನು ಅರ್ಧದಷ್ಟನ್ನೇ ತೋರಿಸುತ್ತ ಬಂದ. ಅವಳು ಸ್ಟೂಲು ಎಳೆದುಕೊಂಡು ಅವನೆದುರು ಕೂತಳು.

“ರೀ, ನನಗೆ ಗಾಬರಿ ಆಗುತ್ತೆ. ಆಗೇ ಆಗುತ್ತೆ, ಹುಟ್ಟುಗುಣ. ಆದ್ರೆ ಇಷ್ಟು ವರ್ಷ ಗಾಬರಿ ಆಗಿ ಆಗಿ ನಾನೇನು ಸತ್ತುಹೋದ್ನಾ? ಗಟ್ಟಿಯಾಗೇ ಇದೀನಲ್ಲ. ನೀವು ನನ್ನ ಗಾಬರಿಗೆ ಹೆದರ್ಕೊಂಡು ಕೂತು ಹೋಗಿಬಿಟ್ರೆ, ಆಮೇಲೆ ನಾನು ಯಾರ ಮೇಲೆ ರೇಗಲಿ?”

ಅವನು ಮೇಜಿನ ಮೇಲಿದ್ದ ರೆಸಿಸ್ಟರನ್ನು ಬೆರಳಲ್ಲಿ ಉರುಳಿಸಿದ.

“ಏಳಿ. ತೀಡಿದ ಅಂಗಿ ಅಲ್ಲಿದೆ, ಹಾಕ್ಕೊಳ್ಳಿ. ಗುಡ್ಡದ ಆಸ್ಪತ್ರೆಗೆ ಹೋಗೋಣ.”

ಮೆಟ್ಟಿಲಿಳಿಯುವಾಗ ಅವನು ನಡುವೆ ನಿಂತ. ಗೋಡೆ ನೋಡುವ ನಾಟಕ ಮಾಡಲಿಲ್ಲ. ಅವಳೂ ಅವಸರಪಡಿಸಲಿಲ್ಲ, ಒಂದು ಮೆಟ್ಟಿಲು ಕೆಳಗೆ ನಿಂತು ಭುಜ ಕೊಟ್ಟಳು. ತಮ್ಮ ಅಷ್ಟರಲ್ಲಿ ಸೋರುವಲ್ಲಿ ಬೆಸುಗೆ ಹಾಕಿ, ನೀರು ತುಂಬಿಸಿ, ಡಬ್ಬಿಯನ್ನು ಬಾಗಿಲಿಗೆ ತಂದಿದ್ದ. ಭಾವನ ಮುಖದ ಬಣ್ಣ ನೋಡಿ ಅವನಿಗೆ ಹೊಸ ತಮಾಷೆ ಯಾವುದೂ ಹೊಳೆಯಲಿಲ್ಲ. “ನಾನು ಓಡಿಸ್ತೀನಿ ಅಕ್ಕಾ,” ಎಂದ.

“ಇರೋದು ಎರಡೇ ಸೀಟು. ನನ್ನನ್ನ ಹಿಂದೆ ಗಂಟಿನ ಜೊತೆ ಹಾಕ್ತೀಯಾ? ನೀನು ಬೈಕಲ್ಲಿ ಬಾ.”

“ಮುಳ್ಳು ಈಗ ನಿಜ ಹೇಳುತ್ತೆ, ಹುಷಾರು. ಏರಲ್ಲಿ ಅರ್ಧ ದಾಟುತ್ತೆ. ಕೆಂಪು ಮುಟ್ಟೋವರೆಗೂ ಏನೂ ಆಗಲ್ಲ,” ಎಂದ ತಮ್ಮ. ಈ ಸಲ ಅವಳು ಕೇಳಿಸಿಕೊಂಡಳು.

ಊರು ದಾಟಿ ಗುಡ್ಡದ ರಸ್ತೆ ಹಿಡಿದರು. ಮುಳ್ಳು ನೀಲಿಯಿಂದ ಎದ್ದು ಅರ್ಧಕ್ಕೆ ಬಂತು. ಮೊದಲ ತಿರುವಿನಲ್ಲಿ ಅರ್ಧ ದಾಟಿತು. ಎಷ್ಟೋ ವರ್ಷದ ಮೇಲೆ ಅದು ದಾಟಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಯಿತು. ಅವಳು ಅದನ್ನು ವಾಪಸು ಕರೆದುಕೊಂಡಳು.

ಪಕ್ಕದಲ್ಲಿ ಕೂತ ರೇಡಿಯೋ ರಸ್ತೆ ನೋಡುತ್ತಿರಲಿಲ್ಲ, ಮುಳ್ಳು ನೋಡುತ್ತಿದ್ದ. “ದಾಟಿದೆ,” ಎಂದ. ಆಮೇಲೆ, “ನಿಲ್ಲಿಸ್ತೀಯಾ?” ಎಂದ. ಅವನ ದನಿಯಲ್ಲಿ ಗಾಬರಿಯಿತ್ತು. ಅವನಿಗೂ ಗಾಬರಿಯಾಗುತ್ತದೆ ಎಂಬುದೇ ಅವಳಿಗೆ ಹೊಸ ಸುದ್ದಿ.

“ಇಲ್ಲ. ಕೆಂಪು ಇನ್ನೂ ದೂರ ಇದೆ. ನೋಡ್ತಾ ಇದೀನಿ,” ಎಂದಳು. ಗೇರು ಇಳಿಸಿದಳು. ಇಂಜಿನ್ ಗುರುಗುಟ್ಟಿ ಏರು ಹಿಡಿಯಿತು. ಹಿಂದೆ ತಮ್ಮನ ಬೈಕಿನ ಸದ್ದು ಕೇಳುತ್ತಿತ್ತು. ರಸ್ತೆಯ ಮೇಲಿಂದ ಕಣ್ಣು ಕೀಳದೆ, ದನಿಯನ್ನೂ ಏರಿಸದೆ, ಇಸ್ತ್ರಿ ಪೆಟ್ಟಿಗೆಗೆ ಒದ್ದೆ ಬೆರಳು ಸೋಕಿಸುವಾಗಿನಷ್ಟೇ ನಿಧಾನವಾಗಿ ಕೇಳಿದಳು:

“ಈಗ ನೀವು ಹೇಳಿ. ನಿಮ್ಮ ಮುಳ್ಳು ಎಲ್ಲಿದೆ?”

ಒಂದು ತಿರುವು ಕಳೆಯಿತು. ಅವಳು ಇನ್ನೊಂದು ಸಲ ಕೇಳಲಿಲ್ಲ.

“ಅರ್ಧ ದಾಟಿದೆ ಕಣೇ,” ಎಂದ ಕೊನೆಗೆ. “ದಾಟಿ ಬಹಳ ದಿನ ಆಯ್ತು.”

ಅವಳ ಕಣ್ಣು ಮಂಜಾಯಿತು. ತೋಳಿನಲ್ಲಿ ಒರೆಸಿಕೊಂಡಳು. ಸ್ಟೇರಿಂಗಿನ ಮೇಲಿದ್ದ ಕೈ ಮಾತ್ರ ಅಲುಗಲಿಲ್ಲ.

“ಸರಿ,” ಎಂದಳು. “ಎಲ್ಲಿ ನೋವು? ಯಾವಾಗ ಬರುತ್ತೆ? ಒಂದೂ ಬಿಡದೆ ಹೇಳಿ.”

ಅವನು ಹೇಳತೊಡಗಿದ. ಗುಡ್ಡದ ತುದಿ ಬರುವವರೆಗೂ ಹೇಳುತ್ತಲೇ ಇದ್ದ.